ತೋಟಕ್ಕೆ ಸುಣ್ಣ ಹಾಕುತ್ತೇವೆ, ನಮ್ಮ ಎಲುಬಿಗೆ?



ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದೊಡನೆ ನಾವು ಮೊದಲು ನೋಡುವುದು ರಸಸಾರದ ಅಂಕಿಯನ್ನು. ಅದು ಆರಕ್ಕಿಂತ ಕೆಳಗಿದ್ದರೆ ತೋಟಕ್ಕೆ ಸುಣ್ಣ ಬೇಕು ಎಂಬುದು ಈಗ ಒಂದೆಕರೆ ಬೆಳೆಗಾರನಿಗೂ ಬಾಯಿಪಾಠವಾಗಿದೆ. ಮಲೆನಾಡಿನ ಮಳೆ ಮಣ್ಣಿನಲ್ಲಿರುವ ಸುಣ್ಣದ ಅಂಶವನ್ನು ವರ್ಷ ವರ್ಷವೂ ತೊಳೆದುಕೊಂಡು ಹೋಗುತ್ತದೆ. ಹೋದದ್ದನ್ನು ನಾವು ತಿರುಗಿ ಕೊಡದಿದ್ದರೆ, ಹಾಕಿದ ಗೊಬ್ಬರವೂ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ.

ಇದೇ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ನಮ್ಮ ಮೈಯಿಂದಲೂ ದಿನವೂ ಮೂತ್ರ, ಮಲ, ಬೆವರುಗಳ ಮೂಲಕ ಹೊರಗೆ ಹೋಗುತ್ತಿರುತ್ತದೆ. ಆ ಲೆಕ್ಕವನ್ನು ಇಡುವವರು ನಮ್ಮಲ್ಲಿ ಎಷ್ಟು ಮಂದಿ?

ನಾನು ಈ ವಿಷಯದಲ್ಲಿ ಕಣ್ಣು ತೆರೆದದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಬೆಳಗ್ಗೆ ನನ್ನ ತಾಯಿ ಹಾಲು ಕರೆಯಲೆಂದು ಕೊಟ್ಟಿಗೆಗೆ ಹೊರಟವರು ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದರು. ಎತ್ತರದಿಂದ ಬಿದ್ದದ್ದಲ್ಲ, ಮೆಟ್ಟಿಲಿನಿಂದ ಉರುಳಿದ್ದೂ ಅಲ್ಲ. ಆದರೂ ಸೊಂಟದ ಸಂದಿಯಲ್ಲಿ ತೊಡೆಯ ಎಲುಬು ಮುರಿದಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎಕ್ಸ್-ರೇ ನೋಡಿದ ವೈದ್ಯರು, “ಅಮ್ಮಾ, ದಿನಕ್ಕೆ ಹಾಲು ಎಷ್ಟು ಕುಡಿಯುತ್ತೀರಿ?” ಎಂದು ಕೇಳಿದರು. “ಹಾಲು ಡೈರಿಗೆ ಹೋಗ್ತದೆ ಡಾಕ್ಟ್ರೇ. ನಂಗೆ ಎಂತಕ್ಕೆ ಹಾಲು? ಕಾಫಿಗೆ ಎರಡು ಚಮಚ ಆದ್ರೆ ಆಯ್ತು” ಎಂದರು ಅಮ್ಮ. ನಲವತ್ತು ವರ್ಷ ಹಸು ಕರೆದವರ ಮಾತು ಇದು. ಈಗ ಅವರು ಕೋಲೂರಿಕೊಂಡು ಜಗಲಿಯವರೆಗೆ ಬರುತ್ತಾರೆ, ಕೊಟ್ಟಿಗೆಗೆ ಹೋಗುವುದಿಲ್ಲ.

ಇಂಥ ಮನೆ ನಮ್ಮದೊಂದೇ ಅಲ್ಲವೆಂದು ಬಲ್ಲೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಲುಬು ಎಂಬ ಠೇವಣಿ

ವಯಸ್ಕನ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಇರುತ್ತದೆ. ಈ ಒಂದು ಪಾಲು ಅಳತೆಯಲ್ಲಿ ಸಣ್ಣದಾದರೂ ಕೆಲಸದಲ್ಲಿ ದೊಡ್ಡದು. ಹೃದಯ ಬಡಿಯುವುದಕ್ಕೆ, ಸ್ನಾಯು ಬಿಗಿಯುವುದಕ್ಕೆ, ಗಾಯವಾದಾಗ ರಕ್ತ ಹೆಪ್ಪುಗಟ್ಟುವುದಕ್ಕೆ ಅದು ಬೇಕೇ ಬೇಕು.

ಆದುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಲು ದೇಹ ಬಿಡುವುದಿಲ್ಲ. ಕುತ್ತಿಗೆಯಲ್ಲಿ ಅಕ್ಕಿಕಾಳಿನ ಗಾತ್ರದ ನಾಲ್ಕು ಗ್ರಂಥಿಗಳು ಇದರ ಕಾವಲಿಗಿವೆ. ಊಟದಿಂದ ಸಾಕಷ್ಟು ಬರದ ದಿನ ಅವು ಎಲುಬಿನಿಂದ ಕ್ಯಾಲ್ಸಿಯಂ ತೆಗೆಸಿ ರಕ್ತಕ್ಕೆ ಕೊಡಿಸುತ್ತವೆ. ಸಂಘದಲ್ಲಿಟ್ಟ ಠೇವಣಿಯನ್ನು ಮುರಿದು ದಿನಸಿ ತಂದ ಹಾಗೆ. ಮನೆ ನಡೆಯುತ್ತದೆ, ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ, ಆದರೆ ಪಾಸ್‌ಬುಕ್ಕಿನಲ್ಲಿ ಬಾಕಿ ಇಳಿಯುತ್ತ ಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂದ ಮಾತ್ರಕ್ಕೆ ಎಲುಬು ಗಟ್ಟಿಯಾಗಿದೆ ಎನ್ನುವಂತಿಲ್ಲ ಎಂಬುದಕ್ಕೆ ಕಾರಣ ಇದೇ.

ಠೇವಣಿ ಕಟ್ಟುವ ಕಾಲ ಬಾಲ್ಯ ಮತ್ತು ಹರೆಯ. ಎಲುಬಿನ ಸಾಂದ್ರತೆಯ ಬಹುಪಾಲು ಇಪ್ಪತ್ತು ವರ್ಷದೊಳಗೆ ಕೂಡುತ್ತದೆ. ಇಪ್ಪತ್ತೈದು ಮೂವತ್ತರ ಹೊತ್ತಿಗೆ ಅದು ಗರಿಷ್ಠ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಇದ್ದುದನ್ನು ಉಳಿಸಿಕೊಳ್ಳುವುದೇ ಕೆಲಸ. ನಲವತ್ತರ ಮೇಲೆ ಎಲ್ಲರಿಗೂ ನಿಧಾನವಾಗಿ ಸವೆತ ಶುರುವಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ನಂತರದ ಐದಾರು ವರ್ಷಗಳಲ್ಲಿ ಈ ಸವೆತ ಬಲು ವೇಗವಾಗಿರುತ್ತದೆ, ಏಕೆಂದರೆ ಅಲ್ಲಿಯವರೆಗೆ ಎಲುಬನ್ನು ಕಾಯುತ್ತಿದ್ದ ಹಾರ್ಮೋನು ಆಗ ಇಳಿದುಹೋಗುತ್ತದೆ. ಹರೆಯದಲ್ಲಿ ಕಡಿಮೆ ಕಟ್ಟಿ, ಬಸಿರು ಬಾಣಂತನಗಳಲ್ಲಿ ಕೊಟ್ಟು, ಐವತ್ತರಲ್ಲಿ ಕಳೆದುಕೊಂಡ ಹೆಣ್ಣುಮಗಳಿಗೆ ಅರವತ್ತರ ಹೊತ್ತಿಗೆ ಉಳಿಯುವುದು ಎಷ್ಟು ಎಂಬುದನ್ನು ಯೋಚಿಸಬೇಕು.

ದಿನಕ್ಕೆ ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ವಯಸ್ಕರಿಗೆ ದಿನಕ್ಕೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕೆಂದು ಹೇಳಿತ್ತು. 2020ರ ಪರಿಷ್ಕರಣೆಯಲ್ಲಿ ಅದನ್ನು 1,000 ಮಿಲಿಗ್ರಾಂಗೆ ಏರಿಸಿದೆ. ಎದೆಹಾಲು ಕೊಡುವ ತಾಯಂದಿರಿಗೂ ಮುಟ್ಟು ನಿಂತ ಹೆಂಗಸರಿಗೂ 1,200 ಮಿಲಿಗ್ರಾಂ ಬೇಕು. ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ 850, ಹದಿಮೂರರಿಂದ ಹದಿನೈದು ವರ್ಷದವರಿಗೆ 1,000, ಹದಿನಾರರಿಂದ ಹದಿನೆಂಟರವರಿಗೆ 1,050. ಅಂದರೆ ಹೈಸ್ಕೂಲಿಗೆ ಹೋಗುವ ಹುಡುಗಿಗೆ ತೋಟದಲ್ಲಿ ದುಡಿಯುವ ತಂದೆಯಷ್ಟೇ ಬೇಕು. ಬಡಿಸುವಾಗ ಇದು ನೆನಪಿನಲ್ಲಿರಬೇಕು.

ನಮ್ಮ ಊಟದ ಲೆಕ್ಕ

ಮಲೆನಾಡು ಕರಾವಳಿಗಳ ನಮ್ಮ ಊಟದ ಮೂಲ ಅಕ್ಕಿ. ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಆದರೆ ಕ್ಯಾಲ್ಸಿಯಂ ವಿಷಯದಲ್ಲಿ ಅದು ತೀರ ಬಡವ. ಕೆಲವು ಸಾಮಾನ್ಯ ಪದಾರ್ಥಗಳಲ್ಲಿ, 100 ಗ್ರಾಂಗೆ ಸುಮಾರು ಎಷ್ಟು ಮಿಲಿಗ್ರಾಂ ಇದೆಯೆಂಬುದು ಹೀಗಿದೆ:

ಬಿಳಿ ಅಕ್ಕಿ — 10
ಹಸುವಿನ ಹಾಲು — 120
ಗಟ್ಟಿ ಮೊಸರು — 150
ನೀರು ಬೆರೆಸಿದ ಮಜ್ಜಿಗೆ — 30
ಹುರುಳಿ — 270
ಮೆಂತ್ಯದ ಸೊಪ್ಪು — 270
ನುಗ್ಗೆ ಸೊಪ್ಪು — 310
ರಾಗಿ — 350
ಎಳ್ಳು — 1,200

ಈಗ ಒಬ್ಬ ಗೃಹಿಣಿಯ ಒಂದು ದಿನವನ್ನು ಲೆಕ್ಕ ಹಾಕೋಣ. ದೋಸೆ, ಅನ್ನ, ಕಡುಬು ಎಲ್ಲ ಸೇರಿ ಮೂರೂವರೆ ನೂರು ಗ್ರಾಂ ಅಕ್ಕಿ: 35 ಮಿ.ಗ್ರಾಂ. ಸಾರು-ಹುಳಿಯ ಬೇಳೆಯಿಂದ 35. ತರಕಾರಿಯಿಂದ 50. ಮೂರು ಲೋಟ ಕಾಫಿಯಲ್ಲಿನ ಹಾಲಿನಿಂದ 100. ಊಟದ ಕೊನೆಗೆ ಒಂದು ಲೋಟ ಮಜ್ಜಿಗೆಯಿಂದ 60. ಒಟ್ಟು 280. ಬೇಕಾದದ್ದು 1,000. ಕಾಲು ಪಾಲು ಮಾತ್ರ ಬಂದಿತು. ಇದು ಹಸಿದವರ ಮನೆಯ ಲೆಕ್ಕವಲ್ಲ, ಎರಡು ಹೊತ್ತು ಹೊಟ್ಟೆತುಂಬ ಉಣ್ಣುವ ಮನೆಯ ಲೆಕ್ಕ.

ಕೊರತೆ ತುಂಬುವ ದಾರಿ

ಇದೇ ಊಟಕ್ಕೆ ನಾಲ್ಕು ಸೇರ್ಪಡೆ ಮಾಡಿ ನೋಡಿ. ಬೆಳಗಿನ ದೋಸೆಗೆ ಅಥವಾ ಸಂಜೆಯ ಅಂಬಲಿಗೆ 60 ಗ್ರಾಂ ರಾಗಿಹಿಟ್ಟು: 210. ಕಾಫಿಯದ್ದಲ್ಲದೆ ಬೇರೆಯಾಗಿ ಕಾಲು ಲೀಟರ್ ಹಾಲು: 300. ಒಂದು ಹಿಡಿ, ಎಂದರೆ 50 ಗ್ರಾಂ ನುಗ್ಗೆ ಸೊಪ್ಪಿನ ಪಲ್ಯ: 155. ಎರಡು ಚಿಕ್ಕ ಎಳ್ಳುಂಡೆ ಅಥವಾ ಚಟ್ನಿಪುಡಿಯಲ್ಲಿ 10 ಗ್ರಾಂ ಎಳ್ಳು: 120. ಇವು 785. ಮೊದಲಿನ 280 ಸೇರಿಸಿದರೆ 1,065. ಹೊರಗಿನಿಂದ ತರಬೇಕಾದದ್ದು ರಾಗಿ ಮತ್ತು ಎಳ್ಳು ಮಾತ್ರ.

ರಾಗಿ ಬಯಲುಸೀಮೆಯವರ ಊಟ, ನಮಗಲ್ಲ ಎಂಬ ಭಾವನೆ ನಮ್ಮ ಕಡೆ ಇದೆ. ಅದನ್ನು ಬಿಡುವುದು ಒಳ್ಳೆಯದು. ನಾವು ದಿನವೂ ತಿನ್ನುವ ಧಾನ್ಯಗಳ ಪೈಕಿ ಕ್ಯಾಲ್ಸಿಯಂನಲ್ಲಿ ರಾಗಿಗೆ ಸಮನಾದದ್ದು ಇಲ್ಲ. ಮುದ್ದೆ ನುಂಗಲು ಬಾರದವರು ರೊಟ್ಟಿ, ದೋಸೆ, ಅಂಬಲಿ, ಹುರಿಹಿಟ್ಟು ಮಾಡಿಕೊಳ್ಳಬಹುದು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ ಇನ್ನೂ ಲೇಸು. ಕಾಳಿನೊಳಗೆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಒಂದು ಆಮ್ಲವಿದೆ. ಮೊಳಕೆ ಬಂದಾಗ ಅದು ಕಡಿಮೆಯಾಗುವುದರಿಂದ ಕ್ಯಾಲ್ಸಿಯಂ ಹೆಚ್ಚು ದಕ್ಕುತ್ತದೆ. ಎಳ್ಳನ್ನು ಹುರಿದು ಪುಡಿಮಾಡಿ ಬಳಸಬೇಕು, ಇಡಿಯ ಕಾಳು ಜಗಿಯದೆ ಹೋದರೆ ಹಾಗೆಯೇ ಹೊರಬೀಳುತ್ತದೆ.

ಹಾಲು ಜೀರ್ಣವಾಗದವರು ಮೊಸರು ಉಣ್ಣಬಹುದು. ಮೀನು ತಿನ್ನುವವರು ಮುಳ್ಳುಸಹಿತ ಜಗಿಯಬಹುದಾದ ನೆತ್ತಿಲಿಯಂತಹ ಸಣ್ಣ ಮೀನನ್ನು ಬಿಡಬಾರದು. ದೊಡ್ಡ ಮೀನಿನ ಮಾಂಸದಲ್ಲಿ ಅಷ್ಟು ಕ್ಯಾಲ್ಸಿಯಂ ಇಲ್ಲ, ಇರುವುದು ಮುಳ್ಳಿನಲ್ಲಿ.

ಈಗ ಹಾಲಿನ ಮಾತು. ಎರಡು ಹಸು ಕಟ್ಟಿದ ಮನೆಗೆ ಡೈರಿಯ ಬಟವಾಡೆ ಎಷ್ಟು ಆಧಾರವೆಂಬುದು ನನಗೂ ಗೊತ್ತು. ಅಡಿಕೆ ಹಣ ವರ್ಷಕ್ಕೊಮ್ಮೆ, ಕಾಫಿ ಹಣವೂ ವರ್ಷಕ್ಕೊಮ್ಮೆ, ಹಾಲಿನದ್ದು ಮಾತ್ರ ಆಗಾಗ ಕೈಗೆ ಬರುತ್ತದೆ. ಎಲ್ಲ ಹಾಲನ್ನೂ ಮನೆಯಲ್ಲಿಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕ್ಯಾನು ತುಂಬುವ ಮೊದಲು ತಲೆಗೆ ಕಾಲು ಲೀಟರಿನಂತೆ ತೆಗೆದಿಟ್ಟು, ಉಳಿದದ್ದನ್ನು ಹಾಕಿರಿ ಎನ್ನುತ್ತೇನೆ. ತೆಗೆದಿಟ್ಟ ಹಾಲಿನಲ್ಲಿ ಮನೆಯ ಹೆಂಗಸಿನ ಪಾಲು ಅವಳ ಲೋಟಕ್ಕೇ ಬೀಳಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಪದ್ಧತಿಯಲ್ಲಿ ಅವಳಿಗೆ ಉಳಿಯುವುದು ತಿಳಿಮಜ್ಜಿಗೆ ಮಾತ್ರ.

ಶಾಲೆಗಳಲ್ಲಿ 2013ರಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾದಾಗ ಮಗುವಿಗೆ 150 ಮಿ.ಲೀ. ಹಾಲು ಎಂದು ನಿಗದಿಯಾಯಿತು. ಅದು 180 ಮಿಲಿಗ್ರಾಂ ಕ್ಯಾಲ್ಸಿಯಂ. ಶಾಲೆಯಲ್ಲಿ ಕೊಡುವ ಹಾಲನ್ನು ಬೇಡವೆನ್ನದೆ ಕುಡಿಯುವಂತೆ ಮಕ್ಕಳಿಗೆ ಹೇಳಿ ಕಳಿಸಬೇಕು.

ಸೊಪ್ಪುಗಳೆಲ್ಲ ಒಂದೇ ಅಲ್ಲ

ಕೆಸುವಿನ ಎಲೆಯನ್ನು ಸರಿಯಾಗಿ ಬೇಯಿಸದೆ ತಿಂದರೆ ಗಂಟಲು ತುರಿಸುವುದು ನಮಗೆಲ್ಲ ಗೊತ್ತು. ಆ ತುರಿಕೆಗೆ ಕಾರಣ ಎಲೆಯೊಳಗಿನ ಸೂಜಿಯಂಥ ಹರಳುಗಳು. ಅವು ಕ್ಯಾಲ್ಸಿಯಂ ಮತ್ತು ಆಕ್ಸಾಲಿಕ್ ಆಮ್ಲ ಸೇರಿ ಆದವು. ಅಂದರೆ ಕೆಸುವಿನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಹರಳಾಗಿ ಕೂತದ್ದು ನಮ್ಮ ಕರುಳಿಗೆ ಸಿಕ್ಕುವುದಿಲ್ಲ. ಪಾಲಕ್, ಬಸಳೆಗಳಲ್ಲಿಯೂ ಈ ಆಮ್ಲ ಹೆಚ್ಚು. ಹರಿವೆಯಲ್ಲಿಯೂ ಸಾಕಷ್ಟಿದೆ. ಇವುಗಳಲ್ಲಿ ಬೇರೆ ಸತ್ವಗಳಿವೆ, ಬಿಡಬೇಕಾಗಿಲ್ಲ. ಪತ್ರೊಡೆಯನ್ನು ಸಂತೋಷವಾಗಿ ತಿನ್ನಿರಿ. ಆದರೆ ಕ್ಯಾಲ್ಸಿಯಂಗೆ ಅವುಗಳನ್ನೇ ನಂಬಬಾರದು. ಅದಕ್ಕೆ ನುಗ್ಗೆ, ಮೆಂತ್ಯ, ಕರಿಬೇವುಗಳನ್ನು ಹಿಡಿಯಬೇಕು. ಸಾರಿನ ಕರಿಬೇವನ್ನು ತಟ್ಟೆಯ ಅಂಚಿಗೆ ಎತ್ತಿಡುವ ಬದಲು ಒಣಗಿಸಿ ಚಟ್ನಿಪುಡಿ ಮಾಡಿದರೆ ಮಕ್ಕಳೂ ತಿನ್ನುತ್ತಾರೆ. ನಮ್ಮ ಹಿರಿಯರ ತಂಬುಳಿಯಲ್ಲಿ ಸೊಪ್ಪಿನೊಡನೆ ಮೊಸರೂ ಇರುವುದರಿಂದ ಅದೂ ಒಳ್ಳೆಯದೇ. ಬೇಸಿಗೆಯಲ್ಲಿಯೂ ತಂಬುಳಿ ತಪ್ಪಬಾರದು.

ಕಾಫಿ, ಉಪ್ಪು, ಎಲೆ-ಅಡಿಕೆ

ನಮ್ಮದೇ ಬೆಳೆಗಳ ವಿಷಯವನ್ನು ಮರೆಮಾಚದೆ ಹೇಳಬೇಕು.

ಕಾಫಿ ಕುಡಿದಾಗ ಮೂತ್ರದಲ್ಲಿ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ ಹೋಗುವುದು ನಿಜ. ಒಂದು ಲೋಟಕ್ಕೆ ಅದು ಕೆಲವೇ ಮಿಲಿಗ್ರಾಂ. ಎರಡು ಚಮಚ ಹಾಲು ಆ ನಷ್ಟವನ್ನು ತುಂಬಿಬಿಡುತ್ತದೆ. ಆದುದರಿಂದ ದಿನಕ್ಕೆ ಎರಡು ಮೂರು ಲೋಟ ಹಾಲು ಹಾಕಿದ ಕಾಫಿಗೆ ಯಾರೂ ಹೆದರಬೇಕಾಗಿಲ್ಲ. ಊಟ ಬಿಟ್ಟು ಬೆಲ್ಲದ ಕರಿಕಾಫಿಯಲ್ಲೇ ದಿನ ದೂಡುವವರು ಮಾತ್ರ ಯೋಚಿಸಬೇಕು. ಉಪ್ಪು ಇದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕಳೆಯುತ್ತದೆ. ಉಪ್ಪಿನಕಾಯಿ, ಹಪ್ಪಳ, ಉಪ್ಪುಮೀನುಗಳು ಹಿತಮಿತವಾಗಿರಲಿ.

ಇನ್ನು, “ನಾವು ಎಲೆಗೆ ಸುಣ್ಣ ಹಚ್ಚಿ ತಿನ್ನುತ್ತೇವೆ, ನಮಗೆ ಕ್ಯಾಲ್ಸಿಯಂ ಕೊರತೆ ಎಲ್ಲಿಂದ?” ಎಂದು ಕೇಳುವವರಿದ್ದಾರೆ. ಎಲೆಗೆ ಹಚ್ಚುವ ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ಸುಳ್ಳಲ್ಲ. ಆದರೆ ಹಚ್ಚುವುದು ಬೆರಳತುದಿಯಷ್ಟು, ಅದರಲ್ಲಿ ಹೊಟ್ಟೆಗೆ ಹೋಗುವುದೆಷ್ಟು, ಉಗುಳುವುದೆಷ್ಟು ಎಂಬುದಕ್ಕೆ ಲೆಕ್ಕವಿಲ್ಲ. ಹೆಚ್ಚು ಹಚ್ಚಿದರೆ ಬಾಯಿ ಸುಡುತ್ತದೆ. ದಿನವಿಡೀ ಜಗಿಯುವವರಲ್ಲಿ ಕೆನ್ನೆಯ ಒಳಪೊರೆ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ ಬರುವುದನ್ನು ದಂತವೈದ್ಯರು ಕಾಣುತ್ತಲೇ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಇಲ್ಲದಿದ್ದರೂ ಸಹ, ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬೆಳೆಗಾರರ ಸಂಘಟನೆಗಳು ಇದಕ್ಕೆ ಆಕ್ಷೇಪ ಎತ್ತಿವೆ. ಆ ಚರ್ಚೆಗೆ ಇದು ಜಾಗವಲ್ಲ. ಅಡಿಕೆಯಿಂದಲೇ ಅನ್ನ ಉಣ್ಣುವ ನಾನು ಇದನ್ನು ಬರೆಯಲು ಹಿಂಜರಿದದ್ದೂ ಉಂಟು. ಆದರೂ ಎಲುಬಿಗೆ ಒಳ್ಳೆಯದೆಂಬ ನೆಪದಲ್ಲಿ ಯಾರೂ ಎಲೆ-ಅಡಿಕೆಯನ್ನು ಹೆಚ್ಚಿಸಬಾರದು ಎಂಬುದನ್ನಂತೂ ಹೇಳಲೇಬೇಕು.

ಬಿಸಿಲು ಬೀಳದಿದ್ದರೆ ಹಾಲೂ ದಕ್ಕದು

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ‘ಡಿ’ ಬೇಕು. ಅದನ್ನು ನಮ್ಮ ಚರ್ಮ ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಬಿಸಿಲೇ ಇದಕ್ಕೆ ಆಗುವುದು, ಎಳೆಬಿಸಿಲು ಸಾಲದು. ತೋಟದವರಿಗೆ ಬಿಸಿಲಿನ ಕೊರತೆಯೇ ಎಂದು ನಗಬಹುದು. ಆದರೆ ಅಡಿಕೆ ತೋಟದೊಳಗೂ ಕಾಫಿಯ ಮರದ ನೆರಳಿನಲ್ಲಿಯೂ ದಿನವಿಡೀ ದುಡಿದರೂ ಮೈಗೆ ನೇರ ಬಿಸಿಲು ಬೀಳುವುದು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಅಡುಗೆಮನೆ, ಕೊಟ್ಟಿಗೆಗಳಲ್ಲಿ ದಿನ ಕಳೆಯುವ ಹೆಂಗಸರಿಗೆ ಇನ್ನೂ ಕಡಿಮೆ.

ಅಂಗಳದಲ್ಲಿ ಅಡಿಕೆ ಹರವುವ, ಕಾಫಿ ಒಣಗಿಸುವ ತಿಂಗಳುಗಳಲ್ಲಿ ಕೈ, ಕಾಲು, ಮುಖಕ್ಕೆ ಬಿಸಿಲು ಬೀಳುವಂತೆ ದಿನಕ್ಕೆ ಅರ್ಧ ಗಂಟೆಯಾದರೂ ಹೊರಗಿರಬೇಕು. ಅಜ್ಜ ಅಜ್ಜಿಯರನ್ನೂ ಹೊರಗೆ ಕೂರಿಸಬೇಕು. ಬಂಗುಡೆ, ಬೂತಾಯಿಯಂಥ ಎಣ್ಣೆಯುಳ್ಳ ಮೀನುಗಳಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಈ ವಿಟಮಿನ್ ಇದೆ. ಸಸ್ಯಾಹಾರಿಗಳಿಗೆ ಊಟದಿಂದ ಸಿಕ್ಕುವುದು ತೀರ ಅಲ್ಪ.

ಮಾತ್ರೆಯ ವಿಚಾರ

ಕ್ಯಾಲ್ಸಿಯಂ ಮಾತ್ರೆ ಊಟಕ್ಕೆ ಬದಲಿಯಲ್ಲ, ಊಟದಿಂದ ಆಗದಾಗ ಸಹಾಯಕ. ಬಸುರಿಯರಿಗೆ ಸರ್ಕಾರದ 2014ರ ಮಾರ್ಗದರ್ಶಿಯಂತೆ ನಾಲ್ಕನೇ ತಿಂಗಳಿನಿಂದ, ಹೆರಿಗೆಯ ನಂತರ ಆರು ತಿಂಗಳವರೆಗೂ, ದಿನಕ್ಕೆ 500 ಮಿಲಿಗ್ರಾಂನ ಎರಡು ಮಾತ್ರೆ ಕೊಡುವ ಕ್ರಮವಿದೆ. ಇವನ್ನು ಪೆಟ್ಟಿಗೆಯಲ್ಲಿ ಉಳಿಸಬಾರದು. ಎರಡನ್ನೂ ಒಟ್ಟಿಗೆ ನುಂಗಬಾರದು, ಏಕೆಂದರೆ ದೇಹ ಒಂದು ಸಲಕ್ಕೆ ಹೀರಿಕೊಳ್ಳುವುದಕ್ಕೆ ಮಿತಿಯಿದೆ. ಊಟದೊಡನೆ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆಯನ್ನು ಇದರೊಡನೆ ಸೇರಿಸದೆ ಎರಡು ಗಂಟೆ ಅಂತರವಿಡಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಮೂತ್ರಪಿಂಡದ ತೊಂದರೆ ಅಥವಾ ಕಲ್ಲು ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ವಿಟಮಿನ್ ‘ಡಿ’ಯ ದೊಡ್ಡ ಮಾತ್ರೆಗಳನ್ನು ಅಂಗಡಿಯಿಂದ ತಂದು ಮನಸ್ಸಿಗೆ ಬಂದಂತೆ ನುಂಗುವುದೂ ಅಪಾಯ, ಅದು ಹೆಚ್ಚಾದರೆ ವಿಷವಾಗುತ್ತದೆ.

ಎಲುಬು ಕೀಲುಗಳ ನೋವೆಲ್ಲವೂ ಕ್ಯಾಲ್ಸಿಯಂ ಕೊರತೆಯಿಂದಲೇ ಬರುವುದಿಲ್ಲ ಎಂಬುದೂ ನೆನಪಿರಲಿ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ಸೊಂಟ, ಮಂಡಿಗಳನ್ನು ಹಿಡಿದು ಎಷ್ಟೋ ಬಡಕುಟುಂಬಗಳನ್ನು ನೆಲಕ್ಕೆ ಹಾಕಿತು. ಆಹಾರದ ದೋಷವೆಂದು ಮೊದಮೊದಲು ಶಂಕಿಸಿದರು. ಮುಂದಿನ ಸಂಶೋಧನೆಗಳು ಅದು ವಂಶದಲ್ಲಿ ಬರುವ ದೋಷವೆಂದು ತೋರಿಸಿದವು. ಆದುದರಿಂದ ನೋವು ಬಿಡದೆ ಇದ್ದರೆ ಪರೀಕ್ಷೆ ಮಾಡಿಸಬೇಕು. ಐವತ್ತರ ಮೇಲೆ ಸಣ್ಣ ಬೀಳಿಕೆಗೇ ಮಣಿಕಟ್ಟು ಮುರಿದರೆ, ಎತ್ತರ ಕಡಿಮೆಯಾದಂತೆ ಕಂಡರೆ, ಬೆನ್ನು ಗೂನಾಗುತ್ತ ಬಂದರೆ ಎಲುಬಿನ ಸಾಂದ್ರತೆಯ ಪರೀಕ್ಷೆಗೆ ಹೋಗಬೇಕು. ಆ ಹಂತದಲ್ಲಿ ಹಾಲು ರಾಗಿ ಮಾತ್ರ ಸಾಲದು, ಅದಕ್ಕೆ ಬೇರೆ ಔಷಧಿಗಳಿವೆ.

ಬೀಳದ ಹಾಗೆ

ಎಲುಬು ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು. ನಡೆಯುವವನ, ಹೊರುವವನ ಎಲುಬು ಗಟ್ಟಿ. ತೋಟವನ್ನು ಮಗನಿಗೆ ಒಪ್ಪಿಸಿ ಜಗಲಿಯಲ್ಲಿ ಕೂತುಬಿಟ್ಟ ಹಿರಿಯರ ಎಲುಬು ಬೇಗ ಸವೆಯುತ್ತದೆ. ಅವರು ದಿನಕ್ಕೆ ಅರ್ಧ ಗಂಟೆ ತೋಟದ ಏರಿಯ ಮೇಲಾದರೂ ನಡೆಯಲಿ.

ಜೊತೆಗೆ ಮಳೆಗಾಲಕ್ಕೆ ಮುಂಚೆ ಅಂಗಳದ ಪಾಚಿ ಕೆರೆಸಿ, ಕೊಟ್ಟಿಗೆಯ ದಾರಿಗೆ ಒರಟು ಕಲ್ಲು ಹಾಸಬೇಕು. ಅಡಿಕೆ ಮರದ ಸಂಕಕ್ಕೆ ಕೈತಾಂಗು ಕಟ್ಟಬೇಕು. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ರಾತ್ರಿ ಏಳುವ ದಾರಿಯಲ್ಲಿ ಒಂದು ದೀಪ ಇರಬೇಕು. ಇವುಗಳ ಖರ್ಚು ಶಸ್ತ್ರಚಿಕಿತ್ಸೆಯ ಖರ್ಚಿನ ಮುಂದೆ ಏನೂ ಅಲ್ಲ.

ನಮ್ಮ ತೋಟದ ಸುಣ್ಣದ ಬಿಲ್ಲುಗಳು ವರ್ಷವಾರು ಫೈಲಿನಲ್ಲಿವೆ. ಅಮ್ಮನ ಲೋಟದ ಲೆಕ್ಕವನ್ನು ಮಾತ್ರ ನಾನು ಇಟ್ಟಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಕರೆದ ಹಾಲಿನಿಂದ ಮನೆಯವರ ಪಾಲನ್ನು ಮೊದಲು ಬೇರೆ ಪಾತ್ರೆಗೆ ಅಳೆದಿಟ್ಟು, ಆಮೇಲೆ ಡೈರಿಗೆ ಹೊರಡುತ್ತೇವೆ. ಹೈಸ್ಕೂಲಿಗೆ ಹೋಗುವ ಮಗಳು ರಾಗಿ ಅಂಬಲಿ ಕುಡಿಯುತ್ತಾಳೆ, ಅವಳ ತಾಯಿಯೂ ಕುಡಿಯುತ್ತಾಳೆ. ಸದಸ್ಯ ಬಂಧುಗಳು ತಮ್ಮ ಮನೆಗಳಲ್ಲಿಯೂ ಈ ಲೆಕ್ಕವನ್ನು ಈ ವಾರವೇ ಒಮ್ಮೆ ಹಾಕಿ ನೋಡಬೇಕೆಂದು ಕೋರುತ್ತೇನೆ.